ಬಾಯಾರಿದವಳ ಅಳತೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಬೀದಿಯವರನ್ನು ಕೇಳುವುದೇನೂ ಬೇಡ, ನಾನೇ ಒಪ್ಪಿಕೊಳ್ಳುತ್ತೇನೆ. ಇಪ್ಪತ್ತೆರಡು ವರ್ಷದಿಂದ ಟೈಲರ್ ಅಂಗಡಿ ನಡೆಸುತ್ತಿದ್ದೇನೆ. ಕೋಟಿನ ತೋಳು ಅರ್ಧ ಇಂಚು ಉದ್ದವಾಯಿತು ಎಂದು ಯಾರಾದರೂ ರಾಗ ಎಳೆದರೆ ಟೇಪು ಹಿಡಿದು ಅವರ ಕೈಯನ್ನೇ ಅಳೆದು ತೋರಿಸುತ್ತೇನೆ. ಅಳತೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗಿತ್ತು. ಆ ಜಂಬ ಇಳಿದದ್ದು ನನ್ನ ತಂಗಿಯ ಮಿದುಳನ್ನು ಅಳೆದಾಗ.

ತಂಗಿಯನ್ನು ನಾವು ಗುಬ್ಬಿ ಎಂದೇ ಕರೆಯುವುದು. ನರ್ಸರಿ ಟೀಚರ್. ಇಪ್ಪತ್ತಾರು ಮಕ್ಕಳು, ಇಪ್ಪತ್ತಾರು ಸೋರುವ ಮೂಗು. ಸಂಜೆ ಅವಳನ್ನು ಕರೆತರಲು ಹೋದಾಗೆಲ್ಲ ಯಾವುದಾದರೂ ಒಂದು ಮರಿ ಎದ್ದು ನಿಂತು "ಟೀಚರ್, ನೀರು ಕುಡೀಲಾ?" ಎನ್ನುತ್ತಿರುತ್ತದೆ. "ನೀರಿಗೆ ಯಾರನ್ನೂ ಕೇಳಬಾರದು, ಹೋಗಿ ಕುಡಿ" ಎನ್ನುತ್ತಾಳೆ ಗುಬ್ಬಿ. ದಿನಕ್ಕೆ ಹತ್ತು ಸಲ ಇದನ್ನೇ ಹೇಳಿದರೂ ಅವಳಿಗೆ ಬೇಸರವಿಲ್ಲ.

ಆರು ವರ್ಷದ ಹಿಂದೆ ಅವಳ ಒಂದು ಕಣ್ಣು ಮಂಜಾಯಿತು. ಆಮೇಲೆ ಎಡಗಾಲು ಜೋಮು ಹಿಡಿಯಿತು. ಎಂ.ಆರ್.ಐ. ಮಾಡಿಸಿ, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ಮೈಯನ್ನು ಕಾಯಬೇಕಾದ ಶಕ್ತಿಯೇ ನರಗಳ ಮೇಲಿನ ಹೊದಿಕೆಯನ್ನು ಶತ್ರು ಎಂದುಕೊಂಡು ಕಿತ್ತುಹಾಕುವ ಕಾಯಿಲೆಯಂತೆ. "ಅಂದ್ರೆ ಲೈನಿಂಗ್ ಹರಿಯೋ ಕಾಯಿಲೆ" ಎಂದೆ. ಡಾಕ್ಟರು ನಕ್ಕು "ಹೆಚ್ಚುಕಡಿಮೆ ಹಾಗೇ" ಎಂದರು. ಅಂದಿನಿಂದ ಗುಬ್ಬಿ ನನ್ನ ಮನೆಯಲ್ಲೇ ಇದ್ದಾಳೆ. ದಿನಾ ಮಾತ್ರೆ, ವರ್ಷಕ್ಕೊಂದು ಸ್ಕ್ಯಾನ್.

ಈ ಕಾಯಿಲೆಗೆ ಇನ್ನೊಂದು ಕಾಟ ಅಂಟಿಕೊಂಡಿದೆ. ಮೂತ್ರ ಬಂತೆಂದರೆ ಬಂತು, ಒಂದು ನಿಮಿಷ ತಡೆಯಲು ಆಗದು. ಹೋದ ವರ್ಷ ಸ್ಕ್ಯಾನ್ ಮೆಷಿನ್ನಿನೊಳಗೆ ಮುಕ್ಕಾಲು ಗಂಟೆ ಮಲಗಿದ್ದಾಗ ಅವಳಿಗೆ ಹಾಗೇ ಆಗಿಹೋಯಿತು. ಟೆಕ್ನಿಷಿಯನ್ ಒಳ್ಳೆಯ ಮನುಷ್ಯ. "ಏನಾಗಿಲ್ಲಮ್ಮ, ಇಲ್ಲಿ ಇದೆಲ್ಲ ಆಗ್ತಾನೇ ಇರುತ್ತೆ" ಎಂದು ತಾನೇ ಹಾಸು ಬದಲಿಸಿದ. ಬಾಗಿಲಲ್ಲಿ ನಿಂತಿದ್ದ ನಾನು ಏನು ಹೇಳಿದೆ ಗೊತ್ತೇ? "ಮೊದಲೇ ಹೋಗಿ ಬರೋಕೆ ಏನಾಗಿತ್ತು ಧಾಡಿ?" ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗುಬ್ಬಿ ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ.

ಆಮೇಲೆ ನಾನೊಂದು ಕಾನೂನು ಮಾಡಿದೆ. ಮನೆಯಿಂದ ಹೊರಡುವ ಎರಡು ಗಂಟೆ ಮೊದಲು ನೀರು ಬಂದ್. ಬಸ್ಸಿನಲ್ಲಿ ಬಾಟಲಿ ತೆಗೆದರೆ ಕಣ್ಣು ಬಿಡುತ್ತಿದ್ದೆ. ಈ ವರ್ಷದ ಸ್ಕ್ಯಾನ್ ಹತ್ತಿರ ಬಂದಾಗಲಂತೂ ಹಿಂದಿನ ದಿನ ಮಧ್ಯಾಹ್ನದಿಂದಲೇ ತೊಟ್ಟು ನೀರು ಕೊಡಲಿಲ್ಲ. ಬೆಳಿಗ್ಗೆ ಅವಳು ಬಾಯಿ ಮುಕ್ಕಳಿಸುವಾಗ ಬಚ್ಚಲ ಬಾಗಿಲಲ್ಲಿ ನಿಂತು, ಉಗುಳಿದಳೋ ನುಂಗಿದಳೋ ಎಂದು ನೋಡಿದೆ. ಸ್ಕ್ಯಾನ್ ಏನೂ ತೊಂದರೆಯಿಲ್ಲದೆ ಮುಗಿಯಿತು. "ನೋಡಿದೆಯಾ? ಅಕ್ಕನ ಮಾತು ಕೇಳಿದ್ರೆ ಮಾನ ಉಳಿಯುತ್ತೆ" ಎಂದು ಬೀಗಿದೆ.

ಹತ್ತು ದಿನ ಬಿಟ್ಟು ಡಾಕ್ಟರು ಕರೆದರು. ಮೇಜಿನ ಮೇಲೆ ಎರಡು ಪರದೆ: ಒಂದರಲ್ಲಿ ಹೋದ ವರ್ಷದ ಮಿದುಳು, ಇನ್ನೊಂದರಲ್ಲಿ ಈ ವರ್ಷದ್ದು. ಡಾಕ್ಟರು ಬಿಳಿ ಚುಕ್ಕೆಗಳನ್ನು ಪೆನ್ನಿನ ತುದಿಯಿಂದ ಒಂದೊಂದಾಗಿ ತೋರಿಸಿದರು. ಆಗ ಹನ್ನೊಂದಿತ್ತು, ಈಗಲೂ ಹನ್ನೊಂದೇ. ಅಬ್ಬಾ ಎಂದು ಉಸಿರು ಬಿಟ್ಟೆ.

"ಆದ್ರೆ..." ಎಂದರು ಡಾಕ್ಟರು.



ಈಗ ಚುಕ್ಕೆ ಎಣಿಸಿದರಷ್ಟೇ ಸಾಲದಂತೆ. ಇಡೀ ಮಿದುಳಿನ ಗಾತ್ರವನ್ನೇ ಕಂಪ್ಯೂಟರ್ ಅಳೆದು ಹೋದ ವರ್ಷದ್ದಕ್ಕೆ ಹೋಲಿಸುತ್ತದಂತೆ. ಎಲ್ಲರ ಮಿದುಳೂ ವಯಸ್ಸಿಗೆ ತಕ್ಕಂತೆ ಕೂದಲೆಳೆಯಷ್ಟು ಕುಗ್ಗುತ್ತದೆ, ಈ ಕಾಯಿಲೆಯಲ್ಲಿ ಸ್ವಲ್ಪ ಜಾಸ್ತಿ. ಹೋದ ವರ್ಷ ಗುಬ್ಬಿಯದು ನೂರಕ್ಕೆ ಅರ್ಧ ಭಾಗವೂ ಕುಗ್ಗಿರಲಿಲ್ಲ. ಈ ವರ್ಷ ಒಂದನ್ನೂ ದಾಟಿತ್ತು.

"ಸ್ಕ್ಯಾನ್ ದಿನ ಮಾಡಿದ ನಡಿಗೆ ಪರೀಕ್ಷೇಲೂ ಎರಡು ಸೆಕೆಂಡ್ ನಿಧಾನ ಆಗಿದೆ. ಈ ಮಾತ್ರೆ ಸಾಲ್ತಾ ಇಲ್ವೇನೋ. ಇದಕ್ಕಿಂತ ಬಲವಾದ ಔಷಧಿ ಇದೆ, ಆರು ತಿಂಗಳಿಗೊಮ್ಮೆ ಡ್ರಿಪ್ಪಲ್ಲಿ ಕೊಡ್ತೀವಿ. ಆದ್ರೆ ಸೋಂಕು ಬೇಗ ತಗಲುತ್ತೆ. ನಿಮ್ಮ ನರ್ಸರಿ ಕೆಲಸ..." ಡಾಕ್ಟರು ಗುಬ್ಬಿಯ ಕಡೆ ತಿರುಗಿದರು. "ಆ ಪುಟ್ಟ ಮಕ್ಕಳ ಮಧ್ಯೆ ಇರೋದು ಬಿಡ್ಬೇಕಾಗುತ್ತೆ."

ಗುಬ್ಬಿಯ ಮುಖ ಸುಣ್ಣ ಬಳಿದಂತಾಯಿತು.

"ಸ್ಕ್ಯಾನ್ ದಿನ ಜ್ವರ, ವಾಂತಿ ಏನಾದ್ರೂ ಇತ್ತಾ? ಊಟ, ನೀರು ಬಿಟ್ಟಿದ್ರಾ?" ಎಂದು ಡಾಕ್ಟರು ಬರೆಯುತ್ತಲೇ ಕೇಳಿದರು.

"ಏನೂ ಇಲ್ಲ ಡಾಕ್ಟ್ರೇ" ಎಂದಳು ಗುಬ್ಬಿ ಥಟ್ಟನೆ. ಮೇಜಿನ ಕೆಳಗೆ ಅವಳ ಕೈ ನನ್ನ ಮೊಣಕಾಲನ್ನು ಒತ್ತಿತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನೂ ಹೆಗಲ ಮೇಲಿದ್ದ ಬ್ಯಾಗನ್ನು ಸರಿಮಾಡಿಕೊಂಡೆ. ಡಾಕ್ಟರು ಯಾಕೆ ಕೇಳಿದರೆಂದು ನನಗೆ ತಿಳಿಯಲಿಲ್ಲ. ಸುಮ್ಮನೆ ಕೇಳುವ ಪ್ರಶ್ನೆ ಇರಬೇಕು, ಬಾಯಿಬಿಟ್ಟರೆ ಬೈಗುಳ ಗ್ಯಾರಂಟಿ ಎಂದುಕೊಂಡು ಸುಮ್ಮನಿದ್ದೆ.

ಮುಂದಿನ ಗುರುವಾರ ಡ್ರಿಪ್ ಎಂದು ನಿಗದಿಯಾಯಿತು.

ಮನೆಗೆ ಬಂದ ದಿನದಿಂದಲೇ ಗುಬ್ಬಿ ತನ್ನ ಬುದ್ಧಿಯನ್ನು ತಾನೇ ಪರೀಕ್ಷೆ ಮಾಡಿಕೊಳ್ಳತೊಡಗಿದಳು. ಊಟಕ್ಕೆ ಕೂತು ಇಪ್ಪತ್ತಾರು ಮಕ್ಕಳ ಹೆಸರನ್ನು ಗುಣುಗುಣು ಹೇಳಿಕೊಳ್ಳುವಳು. ಇಪ್ಪತ್ತನಾಲ್ಕಕ್ಕೆ ನಿಂತರೆ ತುತ್ತು ಕೆಳಗಿಟ್ಟು ಮತ್ತೆ ಮೊದಲಿನಿಂದ ಶುರು. ಹದಿನೇಳರ ಮಗ್ಗಿಯನ್ನು ಹಿಂದಿನಿಂದ ಹೇಳುವಳು. ಒಮ್ಮೆ ಸಾರಿಗೆ ಎರಡು ಸಲ ಉಪ್ಪು ಹಾಕಿಬಿಟ್ಟಳು. ನಾನಾದರೆ ವಾರಕ್ಕೊಂದು ಸಲ ಹಾಗೆ ಮಾಡುತ್ತೇನೆ. ಅವಳು ಸೌಟು ಹಿಡಿದುಕೊಂಡು ನನ್ನ ಮುಖವನ್ನೇ ನೋಡಿದಳು.

"ಅಕ್ಕ, ಕುಗ್ಗಿದ್ದು ಯಾವ ಭಾಗ? ಮಕ್ಕಳ ಹೆಸರು ಇರೋ ಭಾಗಾನಾ?"

"ಸುಮ್ನಿರೇ, ತಲೆ ತಿನ್ಬೇಡ" ಎಂದು ರೇಗಿದೆ. ನನಗೂ ಭಯವೇ. ಭಯವಾದರೆ ನನ್ನ ಬಾಯಿಂದ ಬರುವುದು ಬೈಗುಳವೇ.

ಶನಿವಾರ ಬೆಳಿಗ್ಗೆ ಅವಳು ರಾಜೀನಾಮೆ ಪತ್ರ ಬರೆದು ಚೀಲದಲ್ಲಿಟ್ಟುಕೊಂಡಳು. ಸೋಮವಾರ ಕೊಡುವುದೆಂದು ತೀರ್ಮಾನ.

ಅದೇ ಶನಿವಾರ ಮಧ್ಯಾಹ್ನ ನನ್ನ ಅಂಗಡಿಗೆ ಒಬ್ಬ ಬಸ್ ಕಂಡಕ್ಟರ್ ಪ್ಯಾಂಟು ಹಿಡಿದುಕೊಂಡು ಬಂದ. ಗುಂಡಿ ಹಾಕಲು ಬರುತ್ತಿಲ್ಲ, ಬಟ್ಟೆ ಕದ್ದಿದ್ದೀರಿ ಎಂದು ಕೂಗಾಡಿದ. ನನಗೆ ಪಿತ್ತ ನೆತ್ತಿಗೇರಿತು.

"ಅಳತೆ ಕೊಟ್ಟ ದಿನ ಏನಪ್ಪಾ ತಿಂದಿದ್ದೆ?"

"ಏನು ತಿನ್ನೋದು? ಹೊಟ್ಟೆ ಕೆಟ್ಟು ಎರಡು ದಿನದಿಂದ ಏನೂ ನಿಲ್ತಿರಲಿಲ್ಲ."

"ಬಾಡಿದ ಹೊಟ್ಟೆ ಅಳತೆ ಕೊಟ್ಟು, ತುಂಬಿದ ಹೊಟ್ಟೇಲಿ ಬಂದು ನನ್ನ ಕತ್ತರೀನ ಬೈತೀಯಾ? ಅಳತೆ ಸುಳ್ಳಲ್ಲ, ನೀನು ಬಂದ ದಿನ ಸರಿಯಿರಲಿಲ್ಲ!"

ಹೇಳಿ ಮುಗಿಸಿದವಳು ಹಾಗೇ ನಿಂತುಬಿಟ್ಟೆ. ಕತ್ತರಿ ಕೈಯಿಂದ ಜಾರಿ ಮೇಜಿನ ಮೇಲೆ ಬಿತ್ತು. ಊಟ, ನೀರು ಬಿಟ್ಟಿದ್ರಾ? ಡಾಕ್ಟರು ಸುಮ್ಮನೆ ಕೇಳಿರಲಿಲ್ಲ.

ಸ್ಕ್ಯಾನಿಗೆ ಮೊದಲು ಅವರು ಒಂದು ಸೂಚನೆಯ ಹಾಳೆ ಕೊಟ್ಟಿದ್ದರು. ಎಲ್ಲ ಪರೀಕ್ಷೆಯೂ ಖಾಲಿ ಹೊಟ್ಟೆಯಲ್ಲೇ ತಾನೇ, ಓದುವುದೇನಿದೆ ಎಂದು ಹಿಂಬದಿಯಲ್ಲಿ ಕಾಲರಿನ ನಮೂನೆ ಬರೆದು ಕತ್ತರಿಸಿಕೊಂಡಿದ್ದೆ. ಗೋಡೆಯ ಮೊಳೆಯಿಂದ ಅದನ್ನು ಕಿತ್ತು ತಿರುಗಿಸಿದೆ. "ಹಿಂದಿನ ದಿನ ಹಾಗೂ ಸ್ಕ್ಯಾನಿನ ದಿನ ಎಂದಿನಂತೆ ನೀರು ಕುಡಿ..." ಎಂಬಲ್ಲಿಗೆ ಕಾಗದ ಮುಗಿದಿತ್ತು. ಉಳಿದದ್ದನ್ನು ನನ್ನ ಕತ್ತರಿಯೇ ತಿಂದುಹಾಕಿತ್ತು.

ಕಂಡಕ್ಟರನಿಗೆ "ನಾಳೆ ಬಾ, ಸಡಿಲ ಮಾಡಿ ಕೊಡ್ತೀನಿ" ಎಂದು ಹೇಳಿ ಕಳಿಸಿ, ಟೆಕ್ನಿಷಿಯನ್ನಿಗೆ ಫೋನ್ ಮಾಡಿದೆ. 

"ನೀರು ಕುಡೀದೆ ಇದ್ರೆ ಮಿದುಳು ಚಿಕ್ಕದಾಗುತ್ತಾ ಸ್ವಾಮಿ?"

"ಅಳತೇಲಿ ಸ್ವಲ್ಪ ಕಡಿಮೆ ಕಾಣಬಹುದು. ನೀರು ಕುಡಿದ್ರೆ ಮತ್ತೆ ಸರಿಹೋಗುತ್ತೆ. ಯಾಕೆ, ಎಷ್ಟು ಹೊತ್ತು ಕುಡಿದಿರಲಿಲ್ಲ?"

"ಇಪ್ಪತ್ತೊಂದು ಗಂಟೆ."

 "ಡಾಕ್ಟ್ರಿಗೆ ಹೇಳಿ. ಡ್ರಿಪ್‌ಗೆ ಮೊದಲು ಹೇಳಿ" ಎಂದ.

ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾ ಮನೆಗೆ ಓಡಿದೆ. ವಿಷಯ ಕೇಳಿ ಗುಬ್ಬಿ ಕುಣಿದಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಮಂಚದ ಅಂಚಿನಲ್ಲಿ ಕೂತು ತಲೆ ಅಲ್ಲಾಡಿಸಿದಳು.

"ಬೇಡ ಅಕ್ಕ. ಹೇಳ್ಬೇಡ."

"ಯಾಕೇ? ತಲೆ ಕೆಟ್ಟಿದೆಯಾ ನಿನಗೆ?"

"ನಾನು ಒದ್ದೆ ಮಾಡ್ಕೊಂಡೆ ಅಂತ ಅವರ ಮುಂದೆ ಹೇಳ್ತೀಯಾ?" ಎಂದಳು. ಆಮೇಲೆ ದನಿ ತಗ್ಗಿಸಿ, "ಅದೂ ಅಲ್ಲ. ಈಗ ನೀರಿಂದ ಹಾಗಾಯ್ತು ಅಂತ ಅಂದ್ಕೋಬಹುದು. ಮತ್ತೆ ಅಳೆದಾಗಲೂ ಅಷ್ಟೇ ಬಂದ್ರೆ? ಆಗ ಅಂದ್ಕೊಳ್ಳೋಕೆ ಏನೂ ಉಳಿಯಲ್ಲ ಅಕ್ಕ" ಎಂದಳು.

 ಅವಳ ಭಯವೇ ನನ್ನದೂ ಆಗಿತ್ತು. ಪಕ್ಕದಲ್ಲಿ ಕೂತೆ.

"ನಿನ್ನದು ಏನೂ ಹೇಳಲ್ಲ ಕಣೇ. ನನ್ನದು ಹೇಳ್ತೀನಿ. ನೀರು ಕುಡಿಯೋಕೆ ಬಿಡದೆ ಇದ್ದೋಳು ನಾನು ಅಂತ."

 ಸೋಮವಾರ ರಾಜೀನಾಮೆ ಪತ್ರ ಚೀಲದಲ್ಲೇ ಉಳಿಯಿತು.

ಅವತ್ತೇ ಸಂಜೆ ಡಾಕ್ಟರ ಮುಂದೆ ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಬಚ್ಚಲ ಬಾಗಿಲಲ್ಲಿ ಕಾವಲು ನಿಂತದ್ದನ್ನೂ ಬಿಡಲಿಲ್ಲ. ಮೆಷಿನ್ನಿನಲ್ಲಿ ಆದದ್ದನ್ನು ಮಾತ್ರ ನಾನು ಎತ್ತಲಿಲ್ಲ, ಅದನ್ನು ಗುಬ್ಬಿಯೇ ಹೇಳಿದಳು. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇದನ್ನ ನಾನೂ ಸರಿಯಾಗಿ ಕೂತು ಕೇಳ್ಬೇಕಿತ್ತು" ಎಂದರು. "ನಡಿಗೆ ನಿಧಾನ ಆಗಿದ್ದೂ ನಿತ್ರಾಣಕ್ಕೇ ಇರಬಹುದು. ಆದ್ರೆ ಖಂಡಿತ ಅಂತ ಹೇಳಲಾರೆ. ಬುಧವಾರ ಮಿದುಳು, ನಡಿಗೆ ಎರಡನ್ನೂ ಮತ್ತೆ ಅಳೆಯೋಣ. ಅದೇ ಮೆಷಿನ್, ಅದೇ ಹೊತ್ತು."

ಬುಧವಾರ ಗುಬ್ಬಿ ನೀರು ಕುಡಿದು, ಪ್ಯಾಡ್ ಹಾಕಿಕೊಂಡು ಒಳಗೆ ಹೋದಳು. ಟೆಕ್ನಿಷಿಯನ್ ಮೊದಲು ಅಳತೆಯ ಚಿತ್ರ ತೆಗೆದು, ಎಬ್ಬಿಸಿ ಟಾಯ್ಲೆಟ್ಟಿಗೆ ಕಳಿಸಿ, ಆಮೇಲೆ ಉಳಿದದ್ದನ್ನು ಮುಗಿಸಿದ. ಇಷ್ಟು ಸುಲಭದ ದಾರಿ ಇತ್ತು. ಕೇಳಿದ್ದರೆ ಹೋದ ವರ್ಷವೇ ಹೇಳುತ್ತಿದ್ದ. ಗೋಡೆಯ ಆಚೆಯಿಂದ ಮೆಷಿನ್ನಿನ ಢಣಢಣ ಕೇಳುತ್ತಾ, ನನ್ನ ಟೇಪನ್ನು ಬೆರಳಿಗೆ ಸುತ್ತುವುದು ಬಿಚ್ಚುವುದು ಮಾಡುತ್ತಾ ಕೂತಿದ್ದೆ. ಅದೇ ಬಂದರೆ? ಅದೇ ಅಳತೆ ಬಂದರೆ? ಗುರುವಾರ ಡ್ರಿಪ್ಪಿಗೆ ಹಾಸಿಗೆಯೂ ಸಿದ್ಧವಿತ್ತು.

ಗುರುವಾರ ಬೆಳಿಗ್ಗೆ ಡಾಕ್ಟರು ಪರದೆಯನ್ನು ಬಹಳ ಹೊತ್ತು ನೋಡಿದರು. ಗುಬ್ಬಿ ತುಟಿಯಲ್ಲೇ ಮಕ್ಕಳ ಹೆಸರು ಹೇಳಿಕೊಳ್ಳುತ್ತಿದ್ದಳು.

"ಅರ್ಧ" ಎಂದರು ಡಾಕ್ಟರು. "ನೂರಕ್ಕೆ ಅರ್ಧ ಭಾಗ. ಹೋದ ವರ್ಷಕ್ಕಿಂತ ಒಂದು ಕೂದಲೆಳೆ ಹೆಚ್ಚು, ಅಷ್ಟೇ. ನಡಿಗೇನೂ ಮೊದಲಿನಷ್ಟೇ ಇದೆ. ಡ್ರಿಪ್ ಬೇಡ. ಇದೇ ಮಾತ್ರೆ ಇರಲಿ, ಆರು ತಿಂಗಳಿಗೆ ಮತ್ತೆ ನೋಡೋಣ. ನಿಮ್ಮ ಮಕ್ಕಳ ಹತ್ರ ಹೋಗಿಮ್ಮ."

ಗುಬ್ಬಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಡಾಕ್ಟರು ಮೇಜಿನ ಮೇಲಿದ್ದ ಜಗ್ಗಿನಿಂದ ಒಂದು ಲೋಟ ನೀರು ಬಗ್ಗಿಸಿ ಅವಳ ಮುಂದೆ ಸರಿಸಿದರು. ಅವಳು ಕಣ್ಣೊರೆಸಿಕೊಂಡು ಲೋಟ ಎತ್ತಿದಳು. ಬಾಯಿಯ ಹತ್ತಿರ ತಂದವಳು ಅಲ್ಲೇ ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಕುಡೀಲಾ ಅಕ್ಕ? ಬಸ್ ಹತ್ತೋದಿದೆ."

ಅವಳು ಚುಚ್ಚಿ ಕೇಳಲಿಲ್ಲ. ಚುಚ್ಚಿದ್ದರೆ ತಡೆದುಕೊಳ್ಳುತ್ತಿದ್ದೆ. ಒಂದು ವರ್ಷದಿಂದ ದಿನಾ ಕೇಳಿದಂತೆಯೇ ಕೇಳಿದಳು. ಇಪ್ಪತ್ತಾರು ಮಕ್ಕಳಿಗೆ ನೀರಿಗೆ ಯಾರನ್ನೂ ಕೇಳಬಾರದು ಎಂದು ಹೇಳಿಕೊಡುವ ನನ್ನ ತಂಗಿ, ನನ್ನ ಮನೆಯಲ್ಲಿ ಬಾಯಾರಿಕೊಂಡೇ ಬದುಕಿದ್ದಳು. ಡಾಕ್ಟರು ನನ್ನನ್ನು ನೋಡಿದರು. ನಾನು ಜಗ್ಗನ್ನೇ ಎತ್ತಿ ಅವಳ ಪಕ್ಕದಲ್ಲಿಟ್ಟೆ.

ಅವಳು ಎರಡು ಲೋಟ ಕುಡಿದಳು. ದಾರಿಯಲ್ಲಿ ಮೂರನೇ ಸ್ಟಾಪಿನಲ್ಲಿ ಬಸ್ಸಿಳಿದು ಟಾಯ್ಲೆಟ್ ಹುಡುಕಿದೆವು. ಇನ್ನೊಂದು ಬಸ್ ಹತ್ತಿ, ಮತ್ತೆ ಮಾರ್ಕೆಟ್ಟಿನ ಹತ್ತಿರ ಇಳಿದೆವು. ಅಲ್ಲಿ ಟಾಯ್ಲೆಟ್ ಸಿಗುವುದು ಒಂದು ನಿಮಿಷ ತಡವಾಯಿತು. ನಾನು ಬ್ಯಾಗಿನಿಂದ ಬೇರೆ ಲಂಗ ತೆಗೆದುಕೊಟ್ಟು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಅರ್ಧ ಗಂಟೆಯ ದಾರಿಗೆ ಅವತ್ತು ಎರಡು ಗಂಟೆ ಹಿಡಿಯಿತು.