ಪದ್ಮನಾಭನ ಡ್ರಿಲ್ಲಿಂಗ್ ಮಷಿನ್

ಒದ್ದೆ ಪಂಚೆಯಿಂದ ನೀರು ತೊಟ್ಟಿಕ್ಕುತ್ತಿದ್ದಂತೆಯೇ ಮುರಳೀಕೃಷ್ಣ ಹಿತ್ತಲಿನ ಶೆಡ್ಡಿನ ಕಡೆ ಹೊರಟದ್ದು ಕಂಡು ಮಹದೇವ ಕೂತಲ್ಲಿಂದ ದಡಬಡಿಸಿ ಎದ್ದ.

“ಎಲ್ಲಿಗೋ ಮುರಳಿ?”

“ಬಂದೆ ಅಂಕಲ್. ಎರಡು ತಿಂಗಳು ಅಪ್ಪ ಆ ಡ್ರಿಲ್ಲಿಂಗ್ ಮಷಿನ್ ಹಿಂದೇನೇ ಇದ್ರು. ಎತ್ತೋಕೆ ಮುಂಚೆ ಒಂದ್ಸಲ ಆನ್ ಮಾಡ್ತೀನಿ. ಸದ್ದು ಕೇಳ್ಕೊಂಡು ಹೋಗ್ಲಿ.”

ಮಾರೇನಹಳ್ಳಿಯ ಆ ಮನೆಯ ಹಜಾರದಲ್ಲಿ ಪದ್ಮನಾಭನನ್ನು ಮಲಗಿಸಿದ್ದರು. ಬೆಳಿಗ್ಗೆ ಅವನನ್ನು ಕಾಫಿಗೆ ಕರೆಯಲು ಶೆಡ್ಡಿಗೆ ಹೋದವರು ಹೆಂಡತಿ ಅಲಮೇಲು. ಮಷಿನ್ ತಿರುಗುತ್ತಲೇ ಇತ್ತು. ಗಂಡ ಬರಿಗಾಲಲ್ಲಿ ನೆಲದ ಮೇಲೆ ಬಿದ್ದಿದ್ದ. ಡಾಕ್ಟರು ಬಂದು ನೋಡಿ, ಎಪ್ಪತ್ತು ದಾಟಿದೆ, ಹಾರ್ಟು ಎಂದರು. ಎಲ್ಲರೂ ನಂಬಿದರು. ಮಹದೇವನೂ ನಂಬಲು ಬೆಳಗಿನಿಂದ ತಿಣುಕಾಡುತ್ತಿದ್ದ.

“ಪುಣ್ಯವಂತರು. ಇಷ್ಟದ ಕೆಲಸ ಮಾಡ್ತಾ ಮಾಡ್ತಾನೇ ಹೋದ್ರು,” ಎಂದರು ಎದುರುಮನೆಯ ಜಯದೇವಿ. ಮಹದೇವನಿಗೆ ಗಾಯದ ಮೇಲೆ ಬರೆ ಎಳೆದಂತಾಯಿತು.

*

ಮೂವತ್ತು ವರ್ಷ ಇಬ್ಬರೂ ಒಂದೇ ಕಾರ್ಖಾನೆಯಲ್ಲಿದ್ದವರು. ಪದ್ಮನಾಭ ಫಿಟ್ಟರ್, ಮಹದೇವ ಎಲೆಕ್ಟ್ರಿಷಿಯನ್. ಗುಜರಿಯಲ್ಲಿ ಸಿಕ್ಕಿದ ಮಷಿನ್ನನ್ನು ಪದ್ಮನಾಭ ಡೀಸೆಲ್ಲಿನಲ್ಲಿ ತೊಳೆದು, ಉಪ್ಪುಕಾಗದದಿಂದ ಉಜ್ಜಿ, ಬೇರಿಂಗ್ ಬದಲಿಸಿ, ಬಣ್ಣ ಬಳಿದು, ಆ ಕಬ್ಬಿಣದ ಮುದುಕನಿಗೆ ಮದುಮಗನ ಕಳೆ ತಂದಿದ್ದ. ನಿನ್ನೆಗೆ ಉಳಿದಿದ್ದದ್ದು ವಯರಿಂಗ್ ಒಂದೇ. ಶೆಡ್ಡಿನಲ್ಲಿದ್ದದ್ದು ಎರಡು ತೂತಿನ ಹಳೇ ಸಾಕೆಟ್ಟು; ಅರ್ತಿಗೆ ಬೇಕಾದ ಮೂರನೇ ತೂತು ಅದಕ್ಕಿರಲಿಲ್ಲ.

“ಅರ್ತ್ ಇಲ್ದೆ ಬೇಡ ಕಣೋ. ಬೋರ್ಡ್ ಬದಲಾಯಿಸ್ಬೇಕು.”

“ರಾಹುಕಾಲಕ್ಕೆ ಹತ್ತೇ ನಿಮಿಷ ಇದೆ ಮಾರಾಯ. ಅಷ್ಟರೊಳಗೆ ಒಂದ್ಸಲ ತಿರುಗ್ಲಿ. ಅರ್ತ್ ನಾಳೆ ಕೊಡು.”

ಕುಂಕುಮ ಹಚ್ಚಿದ ನಿಂಬೆಹಣ್ಣು ಆಗಲೇ ಮಷಿನ್ನಿನ ಬುಡದಲ್ಲಿತ್ತು. ಯಾರಾದರೂ ಮಾಡಿದ್ದರೆ ತಾನೇ ಉಗಿಯುತ್ತಿದ್ದ ಕೆಲಸವನ್ನು ಮಹದೇವ ಮಾಡಿದ: ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತಿನ ಹಸಿರು ವಯರನ್ನು ಕತ್ತರಿಸಿ ಎರಡು ಪಿನ್ನಿನ ಪ್ಲಗ್ ಹಾಕಿದ. ಮಷಿನ್ ತಿರುಗಿತು. ಚಪ್ಪಲಿ ಹಾಕಿದ್ದರೂ, ಹಿಡಿ ಮುಟ್ಟಿದಾಗ ಅವನ ಬೆರಳು ಜುಮ್ಮೆಂದಿತು. ಹೇಳಬೇಕೆಂದು ಬಾಯಿ ತೆರೆದ. ಗೆಳೆಯ ಮೊದಲ ಮೊಮ್ಮಗುವನ್ನು ಎತ್ತಿಕೊಂಡವನ ಹಾಗೆ ನಗುತ್ತಿದ್ದ. ನಾಳೆ ಹೇಗೂ ಬರುತ್ತೇನಲ್ಲ ಎಂದು ಸುಮ್ಮನಾದ.

*

“ಈಗ ಬೇಡಪ್ಪ ಮುರಳಿ, ಮೈಲಿಗೆ,” ಎನ್ನುತ್ತ ಮಹದೇವ ಹಿಂದೆಯೇ ಓಡಿದ.

“ಅಪ್ಪಂದೇ ಮಷಿನ್, ಅದಕ್ಕೆಂಥ ಮೈಲಿಗೆ?”

“ಫ್ಯೂಸ್ ಹೋಗಿದೆ ಕಣೋ.”

“ಬೆಳಿಗ್ಗೆ ಓಡ್ತಾ ಇತ್ತಲ್ಲ ಅಂಕಲ್?”

ಮುರಳಿ ಬರಿಗಾಲಲ್ಲಿ ನಿಂತು ಗೋಡೆಯ ಸ್ವಿಚ್ಚು ಹಾಕಿದ. ಪಂಚೆಯಿಂದ ಇಳಿದ ನೀರು ಕಾಲಡಿ ನಿಂತಿತ್ತು. ಬಾಯಿಬಿಟ್ಟರೆ ಮಹದೇವ ಈ ಮನೆಗೆ ಮತ್ತೆ ಮುಖ ತೋರಿಸುವಂತಿಲ್ಲ. ಮುಚ್ಚಿಕೊಂಡರೆ ಇವತ್ತೇ ಇನ್ನೊಂದು ಚಟ್ಟ. ಮುರಳಿ ತಿರುಗತೊಡಗಿದ ಮಷಿನ್ನಿನ ಹಿಡಿಯ ಕಡೆ ಕೈ ಚಾಚಿದ.

“ಮುಟ್ಟಬೇಡ್ವೋ! ಶಾಕ್ ಹೊಡಿಯತ್ತೆ! ಅರ್ತ್ ಕೊಟ್ಟಿಲ್ಲ... ನಾನೇ ಕೊಟ್ಟಿಲ್ಲ!”

ಮುರಳಿಯ ಕೈ ಗೇಣು ದೂರದಲ್ಲಿ ನಿಂತಿತು. ಮಹದೇವ ಸ್ವಿಚ್ಚು ಆರಿಸಿ ಪ್ಲಗ್ಗನ್ನು ಕಿತ್ತ. ತಿರುಗಿದರೆ, ಕೂಗು ಕೇಳಿ ಓಡಿಬಂದ ಅಲಮೇಲು ಬಾಗಿಲಲ್ಲಿದ್ದರು.

“ನಿನ್ನೇನೇ ಗೊತ್ತಿತ್ತಾ ನಿಮಗೆ?”

“ಗೊತ್ತಿತ್ತು ಅತ್ತಿಗೆ.”

ಅಲಮೇಲು ಹಜಾರಕ್ಕೆ ಹಿಂತಿರುಗಿ ಗಂಡನ ಪಕ್ಕ ಕೂತರು. ಕೈಯ ಹೆಬ್ಬೆರಳುಗಳನ್ನು ಸೇರಿಸಿ ಕಟ್ಟಿದ್ದ ದಾರವನ್ನು ಬಿಚ್ಚಿದರು. ಸೆಟೆದಿದ್ದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಅಂಗೈ ನಡುವೆ ಹುಣಸೆಬೀಜದಷ್ಟು ಕಪ್ಪು ಗುರುತಿತ್ತು, ಸುಟ್ಟು ಕರಕಲಾದ ಹಾಗೆ. ಮೈ ತೊಳೆಸಿದವರು ಅದನ್ನು ಗ್ರೀಸಿನ ಕಲೆ ಎಂದಿದ್ದರು.

ಅಲಮೇಲು ಸೆರಗಿನ ತುದಿಯನ್ನು ಒದ್ದೆ ಮಾಡಿಕೊಂಡು ಅದನ್ನು ಉಜ್ಜತೊಡಗಿದರು.