ಓಣಿಗೆ ಅಡ್ಡ ನಿಂತ ಕಾರು

ಗುಡದಪ್ಪ ಬಾನೆಟ್ಟಿನೊಳಗೆ ತಲೆ ತೂರಿಸಿ ವೈರು ಹುಡುಕುತ್ತಿದ್ದ. ಬೆನ್ನ ಹಿಂದಿನ ಮನೆಯಲ್ಲಿ ಅವನ ಜೊತೆಗಾರ ಮೆಕ್ಯಾನಿಕ್ ನಬಿಸಾಬನಿಗೆ ಕಫನ್ ತೊಡಿಸಿ ಹೆಣ ಹೊರುವ ಮಂಚ, ಜನಾಜಾದ ಮೇಲೆ ಮಲಗಿಸಿಯಾಗಿತ್ತು. ರಾಣೆಬೆನ್ನೂರಿನ ಆ ಓಣಿ ಒಂದು ಚಕ್ಕಡಿಯಷ್ಟೇ ಅಗಲ. ಬೀಜದ ಸಾವುಕಾರ ಮೈಲಾರೆಪ್ಪನ ಹಳೆಯ ವಿಲಾಯ್ತಿ ಕಾರು ಅದನ್ನು ತುಂಬಿಕೊಂಡು ನಿಂತಿತ್ತು. ಪಕ್ಕದಲ್ಲಿ ಒಬ್ಬ ಓರೆಯಾಗಿ ನುಸುಳಬಹುದು, ಜನಾಜಾ ಹಾಯುವಂತಿರಲಿಲ್ಲ.

“ಲಾಕ್ ತಗೀರಿ ಸಾವುಕಾರ್ರ, ನೂಕಿ ಸರಸ್ತೇವಿ.” ಗುಡದಪ್ಪ ಕಾರಿನ ಬಳಿ ನಿಂತಿದ್ದ ಮೈಲಾರೆಪ್ಪನಿಗೆ ಹೇಳಿದ.

“ನೂಕಾಕ ಇದೇನು ಚಕ್ಕಡಿ ಏನಲೇ? ಇಷ್ಟು ಮಂದಿ ಕೈ ಹತ್ತಿದ್ರ ಬಣ್ಣ ಉಳಿತೈತೇನು? ಚಾಲೂ ಮಾಡು, ಒಯ್ತೇನಿ.”

ಸತ್ತವನ ಅಣ್ಣ ಬುಡನಸಾಬ ಸಾವುಕಾರನಿಗೆ ಕೈಮುಗಿದು ಗುಡದಪ್ಪನಿಗೆ ಹೇಳಿದ. “ಸಾವುಕಾರ್ರು ಹೇಳೂದೂ ಖರೇನ ಐತಿ. ಲಗೂ ಮಾಡಿಬಿಡೋ, ನಮಾಜಿಗೆ ಹೊತ್ತಾಗತೈತಿ.”

ಗುಡದಪ್ಪ ಮುಖ ತಿರುಗಿಸಿ ಮತ್ತೆ ಬಾನೆಟ್ಟಿನೊಳಗೆ ಬಗ್ಗಿದ. ಸಾವುಕಾರನ ಮಾತಿಗಿಂತ ಆ ಮುಗಿದ ಕೈಗಳೇ ಅವನನ್ನು ಹೆಚ್ಚು ಚುಚ್ಚಿದವು.

*

ಹಿಂದಿನ ಸಂಜೆ ಇಲ್ಲೇ ಓಣಿಯಲ್ಲಿ ನಬಿಸಾಬ ಇದೇ ಕಾರಿನ ಪ್ಲಗ್ಗು ಬಿಚ್ಚಿ ತೋರಿಸಿದ್ದ. ಮಸಿ ಹಿಡಿದು ಪೆಟ್ರೋಲಿನಲ್ಲಿ ತೊಯ್ದಿತ್ತು.

“ನೋಡೋ ಗುಡದ್ಯಾ, ಇಂಜಿನ್ ಕೆಂಡ ಆಗೇತಿ. ಬಿಸಿ ನೋಡಿ ಹೇಳಬೇಕಾದ ಈ ಹಲ್ಕಟ್ ಸೆನ್ಸರ್ ಮಾತ್ರ ಇನ್ನೂ ಥಂಡಿ ಐತಿ ಅಂತ ಸುಳ್ಳು ಒದರಾಕತ್ತೇತಿ. ಅದನ್ನ ನಂಬಿ ಗಾಡಿ ಪೆಟ್ರೋಲ್ ಸುರಕೊಳ್ಳಾಕತ್ತೇತಿ. ಸೆನ್ಸರ್ ಬಿಚ್ಚಿ ಎರಡೂ ವೈರು ಕೂಡಸು. ಚಾಲೂ ಆತಂದ್ರ ಕಳ್ಳ ಸಿಕ್ಕಂಗ.”

ನಗುತ್ತಿದ್ದವನು ಎದೆ ಹಿಡಿದು ಕುಕ್ಕರಿಸಿದ. “ಎದಿ ಹಿಂಡಾಕತ್ತೇತ್ರಿ ಸಾವುಕಾರ್ರ. ದವಾಖಾನಿಗೆ ಹೋಗಿ ಬರ್ತೇನಿ.”

“ನಾಳೆ ಬೀಗರು ಬರ್ತಾರ. ಇದನ್ನ ಮುಗಿಸಿ ಹೋಗು.”

ನಬಿಸಾಬ ಮತ್ತೆ ಇಂಜಿನ್ನಿನ ಮೇಲೆ ಬಗ್ಗಿದ. ಏಳಲಿಲ್ಲ. ಗುಡದಪ್ಪ ಅವನನ್ನು ತಬ್ಬಿ ಕೆಳಗಿಳಿಸುವಾಗ ಸಾವುಕಾರ ಕೇಳಿದ್ದು ಒಂದೇ ಮಾತು: “ಎಲ್ಲೆರೆ ಗೀರು ಬಿತ್ತೇನು?”

*

ಸೆನ್ಸರಿನ ಎರಡೂ ವೈರು ಈಗ ಗುಡದಪ್ಪನ ಬೆರಳಲ್ಲಿದ್ದವು. ಕೂಡಿಸಿದರೆ ಕಾರು ಚಾಲೂ ಆಗಿ ದಾರಿ ಬಿಡುತ್ತಿತ್ತು. ಸಾವುಕಾರನೂ ಗೆದ್ದು ಹೋಗುತ್ತಿದ್ದ.

“ಸಿಕ್ತೇನಲೇ?”

“ಸಿಕ್ತು.”

ಗುಡದಪ್ಪ ವೈರು ಕೈಬಿಟ್ಟು ಬಾನೆಟ್ಟು ಮುಚ್ಚಿದ. “ಬುಡನಣ್ಣಾ, ಜನಾಜಾ ಎತ್ರಿ. ಕಾರಿನ ಮ್ಯಾಲೆ ದಾಟಸೂಣು.”

“ಹುಚ್ಚ ಹಿಡದೈತೇನು ನಿನಗ? ಸಾವುಕಾರ್ರು…”

“ನಿನ್ನ ತಮ್ಮ ಒಳಗ ಮಲಗ್ಯಾನ. ಸಾವುಕಾರ್ರು ಇಲ್ಲೇ ನಿಂತಾರ. ಯಾರನ್ನ ಹೊರತಿ, ನೀನ ನೋಡು.”

ಬುಡನಸಾಬನ ಕೈಗಳು ನಿಧಾನವಾಗಿ ಬೇರೆಯಾದವು. ಅವನು ಒಳಗೆ ಹೋದ.

ಗುಡದಪ್ಪ ಬಾನೆಟ್ಟು ಹತ್ತಿ ನಿಂತ. ತಗಡು ಕಾಲಡಿ ತಗ್ಗಿತು. ಕಲ್ಮಾ ಹೇಳುತ್ತ ಜನ ಜನಾಜಾವನ್ನು ತಲೆಯೆತ್ತರಕ್ಕೆ ಎತ್ತಿ ಕೊಟ್ಟರು. ನಡುವೆ ಒಂದು ಮಗ್ಗುಲು ಜೋಲಿ ಹೊಡೆಯಿತು. ಮಂಚದ ಕಾಲು ಎಲ್ಲಿ ಬಣ್ಣಕ್ಕೆ ತಗಲೀತೋ ಎಂದು ಮೈಲಾರೆಪ್ಪ ಗೋಡೆಗೆ ಒತ್ತಿಕೊಂಡೇ ನುಗ್ಗಿ ಬಂದ. ಎರಡೂ ಕೈ ಚಾಚಿ ಹಿಡಿದ. ಭಾರ ತಾಳದೆ ಹೆಗಲು ಕೊಟ್ಟ. ಮುಖ ಅತ್ತ ತಿರುಗಿಸಿ, ಹಲ್ಲು ಕಚ್ಚಿ, ಬೆವರುತ್ತ, ಕಾರಿನ ಆ ತುದಿಯವರೆಗೂ ನಬಿಸಾಬನನ್ನು ಹೊತ್ತ.