ಪತ್ರಿಕೆಯಲ್ಲಿ ಬಂದ ಕಂಬಳಿ

ನಾನು ಒಂದು ಕರಿ ಕಂಬಳಿ. ಎಲ್ಲರಿಗೂ ಒಬ್ಬಳೇ ತಾಯಿ, ನನಗೆ ಹನ್ನೊಂದು. ಸಂತೆಮುಗಳಿಯ ಹಳ್ಳದಲ್ಲಿ ಮೈ ತೊಳೆಸಿಕೊಂಡು ನಿಂತ ಹನ್ನೊಂದು ಕುರಿಗಳ ಉಣ್ಣೆ ಸೇರಿ ನಾನಾದೆ. ಕರೆವ್ವ ಆ ಉಣ್ಣೆಯನ್ನು ಹಿಂಜಿ, ರಾಟಿಯಲ್ಲಿ ನೂಲು ತೆಗೆದಳು. ಅವಳ ಗಂಡ ಮಾಳಪ್ಪ ನೂಲಿಗೆ ಹುಣಸೆಬೀಜದ ಗಂಜಿ ಕುಡಿಸಿ, ಪಡಸಾಲೆಯ ಕುಣಿಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತು ನನ್ನನ್ನು ನೇಯ್ದ. ಮಗ್ಗದಿಂದ ಇಳಿಸಿದ ಕೂಡಲೇ ಬೀರದೇವರ ಮುಂದೆ ಹಾಸಿ, ಒಂದು ಚಿಟಿಕೆ ಭಂಡಾರದ ಅರಿಶಿನ ಎರಚಿದರು. ಮನುಷ್ಯರ ಮೈ ಕಾಣುವ ಮೊದಲು ದೇವರ ಪಾದ ಕಂಡೆ. ಕೈಗಳಿದ್ದರೆ ಈಗಲೂ ಮುಗಿಯುತ್ತಿದ್ದೆ.

ನನ್ನನ್ನು ಮಾರಲಿಲ್ಲ. ಎಳೆ ಒತ್ತಾಗಿ ಕೂತಿದ್ದರಿಂದ ಮಾದರಿಗೆಂದು ಬಾಗಿಲ ಮುಂದಿನ ಗಳದ ಮೇಲೆ ತೂಗುಹಾಕಿದರು. ಮಳೆಗಾಲದ ಮುಂಚೆ ಏಳು ಹಿಂಡಿನ ಕುರಿಗಾರರು ಬಂದಾಗ ಮಾಳಪ್ಪ ನನ್ನ ಮೇಲೆ ಒಂದು ಚೊಂಬು ನೀರು ಸುರಿಯುತ್ತಿದ್ದ. ನೀರು ಮಣಿಗಳಂತೆ ಉರುಳಿ ಕೆಳಗೆ ಬೀಳುತ್ತಿತ್ತು. ಕುರಿಗಾರರು ನಗುತ್ತ ಒಳಗೆ ಹೋಗಿ ಒಂದೊಂದು ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದರು.

ಆಮೇಲೆ ಪೇಟೆಗೆ ಬಣ್ಣದ ರಗ್ಗು ಬಂತು, ಸಂತೆಗೆ ಪ್ಲಾಸ್ಟಿಕ್ ಹಾಳೆ ಬಂತು. ಒಳಕೋಣೆಯಲ್ಲಿ ನನ್ನ ಒಡಹುಟ್ಟಿದವರು ಇಪ್ಪತ್ತು ಮಂದಿ ಮಡಿಕೆ ಬಿಚ್ಚದೆ ಕೂತರು. ಒಂದು ದಿನ ಮಾಳಪ್ಪ ಹೆಂಡತಿಗೆ ಹೇಳಿದ: "ಕಾರಹುಣ್ಣಿಮಿ ತನಕ ನೋಡ್ತೀನಿ. ಇವು ಹೋಗ್ಲಿಲ್ಲಂದ್ರ ಮಗ್ಗ ಬಿಚ್ಚಿ ಹತ್ತಿ ಜಿನ್ನಿಂಗ್ ಮಿಲ್ಲಿಗೆ ಕಾವಲಿಗೆ ಹೋಗ್ತೀನಿ."

ಕರೆವ್ವ ರಾಟಿ ನಿಲ್ಲಿಸಿದಳು. "ಖಾನಾವಳಿ ಶಾಂತವ್ವನ ರೊಟ್ಟಿ ಸುದ್ದಿ ಪೇಪರ್ನಾಗ ಬಂತು. ಮರುದಿನ ಮಂದಿ ಪಾಳಿ ಹಚ್ಚಿದ್ರು. ಆಕಿ ಒಂದ್ ಪೈಸೆ ಖರ್ಚ ಮಾಡ್ಲಿಲ್ಲ. ನಮ್ಮ ಕಂಬಳಿ ಆಕಿ ರೊಟ್ಟಿಗಿಂತ ತೆಳ್ಳಗದಾವೇನು?"

ಹೀಗೆ ನಾನು ಮಾಳಪ್ಪನ ಹೆಗಲೇರಿ ಪತ್ರಿಕೆಯ ವರದಿಗಾರ ಗುರುಶಾಂತನ ಬಳಿಗೆ ಹೋದೆ. ಅವನು ಬಸ್‌ಸ್ಟ್ಯಾಂಡಿನ ಝೆರಾಕ್ಸ್ ಅಂಗಡಿಯಲ್ಲಿ ಕೂತು ಸುದ್ದಿ ಕಳಿಸುತ್ತಿದ್ದ.

"ಏನ್ ಸುದ್ದಿ ತಂದೀರಿ ಯಜಮಾನ್ರ?"

"ನಾವು ಕಂಬಳಿ ನೇಯ್ತೀವ್ರಿ. ಬೇಕಾದ್ರ ನೀರು ಹಾಕಿ ನೋಡ್ರಿ."

"ಕಂಪ್ಯೂಟರ್ ಮ್ಯಾಲೆ ಚೆಲ್ಲೀರಿ ಮತ್ತ! ನೇಯೂದು ಸುದ್ದಿ ಅಲ್ರಿ. ಹೊತ್ತು ಮೂಡಿತು ಅಂತ ಯಾರರ ಹಾಕ್ತಾರೇನು? ಅದು ಜಾಹೀರಾತು ಆಕ್ಕೈತಿ."

"ಮತ್ತ ಸುದ್ದಿ ಅಂದ್ರ ಯಾವುದ್ರೀ?"

"ನಿಮ್ಮ ಮಗ್ಗ ನಿಂತ್ರ ಸುದ್ದಿ. ಫೋಟೋ ಸಮೇತ ಹಾಕ್ತೀನಿ."

"ನಿಂತ ಮ್ಯಾಲೆ ನಿಮ್ಮ ಪೇಪರ್ ಹೊದ್ಕೊಂಡು ಮಲಗ್ಲೇನು?"

ಗುರುಶಾಂತ ನಕ್ಕ. ಕೆಟ್ಟವನಲ್ಲ ಅವನು. ನನ್ನ ಅಂಚು ಮುಟ್ಟಿ ನೋಡಿ, ಸ್ವಲ್ಪ ಯೋಚಿಸಿ ಹೇಳಿದ: "ನಿಲ್ಲೂ ಹಂಗ ಆಗೇತಿ ಅಂತ ಬರಿಯೋಣ. ಓದಿದವ್ರು ಅಯ್ಯೋ ಅಂತಾರ, ಓಡಿ ಬಂದು ತಗೋತಾರ. ನಿಮಗ ಪುಕ್ಕಟೆ ಪ್ರಚಾರ, ನನಗ ಒಂದ್ ಸುದ್ದಿ."

ಮರುದಿನ ಫೋಟೋ ತೆಗೆಯಲು ಬಂದ. ಮಾಳಪ್ಪ ಮದುವೆಯ ರುಮಾಲು ಸುತ್ತಿಕೊಂಡು ಮಗ್ಗದಲ್ಲಿ ಕೂತು ಬಾಯಿತುಂಬ ನಕ್ಕ.

"ನಗಬ್ಯಾಡ್ರಿ ಯಜಮಾನ್ರ. ರುಮಾಲು ತೆಗೀರಿ."

ಕರೆವ್ವ ಬಾಗಿಲಿಂದ ಇಣುಕಿದಳು. "ನಲವತ್ತು ವರ್ಷಕ್ಕ ಈ ಮುದುಕ ಹಲ್ಲು ತೋರ್ಸಿದ್ದು ಇವತ್ತ. ಅದಕ್ಕೂ ಬ್ಯಾಡ ಅಂತೀಯಲ್ಲೋ ತಮ್ಮಾ!"

ಮಗ್ಗದ ಮೇಲೆ ಅರ್ಧ ನೇಯ್ದ ಕಂಬಳಿ ಇತ್ತು. ಗುರುಶಾಂತ ಅದನ್ನು ಗೋಣಿಚೀಲದಿಂದ ಮುಚ್ಚಿಸಿದ. ಪಡಸಾಲೆಗೆ ತಂದು ಜೋಡಿಸಿದ್ದ ಇಪ್ಪತ್ತು ಕಂಬಳಿಗಳನ್ನು ತಿರುಗಿ ಒಳಗೆ ಒಯ್ಯಿಸಿದ. ಕೊನೆಗೆ ನನ್ನನ್ನು ಮಾಳಪ್ಪನ ತೊಡೆಯ ಮೇಲೆ ಇರಿಸಿ, ತಲೆಯೋರೆ ಮಾಡಿ ನೋಡಿದ.

"ಇದು ಭಾಳ ಹೊಸಾದು ಕಾಣ್ತೈತಿ. ಒಂದೀಟು ಬೂದಿ ಉಗ್ಗ್ರಿ."

ಭಂಡಾರ ಬಿದ್ದ ಮೈ ಮೇಲೆ ಒಲೆಯ ಬೂದಿ ಬಿತ್ತು. ಉಗ್ಗುವಾಗ ಕರೆವ್ವನ ಕೈ ಹಿಂಜರಿದದ್ದು ನನಗೆ ಗೊತ್ತಾಯಿತು. 'ಇಪ್ಪತ್ತು ಮಂದಿಯ ಒಳ್ಳೆಯದಕ್ಕಲ್ಲವೇ' ಎಂದು ಬೀರದೇವರನ್ನು ನೆನೆದು ಸುಮ್ಮನಿದ್ದೆ.

ಭಾನುವಾರ ಪತ್ರಿಕೆಯ ಅರ್ಧ ಪುಟದಲ್ಲಿ ನಾವು ಬಂದೆವು. ಮೇಲೆ ದಪ್ಪಕ್ಷರದಲ್ಲಿ 'ಮೌನವಾದ ಮಗ್ಗ'. ಕೆಳಗೆ ಖಾಲಿ ಮಗ್ಗ, ನಗದ ಮಾಳಪ್ಪ, ಬೂದಿ ಮೆತ್ತಿದ ನಾನು. ಓಣಿಯ ಗುರುತಿಲ್ಲ, ಫೋನ್ ನಂಬರಿಲ್ಲ, ಒಳಗಿದ್ದ ಇಪ್ಪತ್ತರ ಮಾತಂತೂ ಇಲ್ಲವೇ ಇಲ್ಲ. ಆದರೂ ಶಾಂತವ್ವ ಆ ಪುಟ ಕತ್ತರಿಸಿ ಖಾನಾವಳಿಯ ಗೋಡೆಗೆ ಅಂಟಿಸಿದಳು. ಕರೆವ್ವ ಅಂಗಳಕ್ಕೆ ನೀರು ಹೊಡೆದು, ಬರುವ ಗಿರಾಕಿಗಳಿಗೆ ಚಾಪೆ ಹಾಸಿ ಕೂತಳು.

ಗಿರಾಕಿ ಬರಲಿಲ್ಲ. ಊರಿನ ಯುವಕ ಸಂಘದವರು ಬಂದರು. 'ಕೊನೆಯ ಕಂಬಳಿ ನೇಕಾರ' ಎಂದು ಮಾಳಪ್ಪನನ್ನು ವೇದಿಕೆಗೆ ಕರೆದೊಯ್ದು, ಪೇಟೆಯ ನೈಲಾನ್ ಶಾಲು ಹೊದಿಸಿ ಸನ್ಮಾನ ಮಾಡಿದರು. ಮಾಳಪ್ಪ ಮೈಕ್ ಮುಂದೆ ನಿಂತು, "ಮನ್ಯಾಗ ಇನ್ನೂ ಇಪ್ಪತ್ತು..." ಎನ್ನುವಷ್ಟರಲ್ಲಿ, "ಹಿರಿಯರಿಗೆ ದುಃಖ ಉಕ್ಕಿ ಬಂದೈತಿ, ಎಲ್ಲಾರೂ ಚಪ್ಪಾಳಿ ತಟ್ರಿ" ಎಂದು ಮೈಕ್ ಕಸಿದುಕೊಂಡರು. ಮನೆಗೆ ಬಂದವನು ಶಾಲನ್ನು ನನ್ನ ಪಕ್ಕದಲ್ಲಿ ಗಳದ ಮೇಲೆ ಎಸೆದ. ಅದು ಜಾರಿ ಜಾರಿ ಕೆಳಗೆ ಬೀಳುತ್ತಿತ್ತು.

ಮೋಡ ಕಟ್ಟುವ ಹೊತ್ತಿಗೆ ಕುರಿಗಾರ ಹಾಲಪ್ಪನ ಹಿಂಡು ಓಣಿಯ ತುದಿಯಲ್ಲಿ ಹಾದುಹೋಯಿತು. ವರ್ಷಕ್ಕೆ ಮೂರು ಕಂಬಳಿ ತಪ್ಪದೆ ಒಯ್ಯುವವನು ಅವನು. ಮಾಳಪ್ಪ ನನ್ನನ್ನು ಎಳೆದುಕೊಂಡು ಓಡಿದ.

"ಹಾಲಪ್ಪಾ, ಮನಿ ಮರ್ತೆಯೇನೋ?"

"ಮರೀತೀನೇನಣ್ಣಾ? ನಿನ್ನ ಮಗ್ಗ ನಿಂತೈತಂತ ಗೌಡ್ರ ಕಟ್ಟಿ ಮ್ಯಾಲೆ ಪೇಪರ್ ಓದಿ ಹೇಳಿದ್ರು. ಭಾಳ ಕೆಟ್ಟನಿಸ್ತು. ಊಟಾನ ಸೇರ್ಲಿಲ್ಲ ನೋಡು. ಏನ್ ಮಾಡೂದು, ಎಲ್ಲಾರೂ ಸಂತ್ಯಾಗ ಪ್ಲಾಸ್ಟಿಕ್ ತಗೊಂಡ್ವಿ."

"ಎಲ್ಲಾರೂ?"

"ಏಳೂ ಹಿಂಡಿನವ್ರು."

ಅಲ್ಲಿಂದ ಮಾಳಪ್ಪ ಮನೆಗೆ ಹೋಗಲಿಲ್ಲ, ನೇರ ಝೆರಾಕ್ಸ್ ಅಂಗಡಿಗೆ ನಡೆದ.

"ಮಗ್ಗ ನಡೀತೈತಿ ಅಂತ ಹಾಕ್ರಿ."

ಗುರುಶಾಂತ ತಲೆ ತಗ್ಗಿಸಿದ. "ಕಚೇರಿಗೆ ಕೇಳಿದ್ನಿ ಯಜಮಾನ್ರ. ನಡಿಯೂದು ಸುದ್ದಿ ಅಲ್ಲ, ಜಾಹೀರಾತು ಅಂತಾರ."

ಮಾಳಪ್ಪ ನನ್ನನ್ನು ಅವನ ಮೇಜಿನ ಮೇಲೆ ಧಪ್ಪನೆ ಹಾಕಿದ. "ಹಂಗಾರ ಇದಕ್ಕ ನೀವ ಹೇಳ್ರಿ, ನೀ ಸತ್ತೀ ಅಂತ."

ಗುರುಶಾಂತ ನನ್ನನ್ನು ನೋಡಿದ. ನಾನೂ ಅವನನ್ನು ನೋಡಿದೆ. ಅವನು ನನ್ನನ್ನು ಮಡಿಸಿ, ಎರಡು ಕೈಯಿಂದ ಮಾಳಪ್ಪನಿಗೆ ಹಿಂತಿರುಗಿಸಿದ.

ಕಾರಹುಣ್ಣಿಮೆ ಬಂತು. ಊರವರು ಎತ್ತುಗಳಿಗೆ ಬಣ್ಣ ಬಳಿಯುತ್ತಿದ್ದ ಬೆಳಿಗ್ಗೆ ಮಾಳಪ್ಪ ಮಗ್ಗಕ್ಕೆ ಅಡ್ಡಬಿದ್ದು, ಅರ್ಧ ನೇಯ್ದದ್ದನ್ನು ಇಳಿಸಿ, ಒಂದೊಂದೇ ಗಳ ಬಿಚ್ಚಿ ಅಟ್ಟಕ್ಕೆ ಏರಿಸಿದ. ಕುಣಿಗೆ ಮಣ್ಣು ತುಂಬಿ ಕರೆವ್ವ ಸಾರಿಸಿದಳು. ಇಪ್ಪತ್ತು ಕಂಬಳಿಗಳನ್ನು ಬೀರದೇವರ ಗುಡಿಗೆ ಒಪ್ಪಿಸಿದರು. ಭಜನೆಗೆ ಬಂದವರು ಅವುಗಳ ಮೇಲೆ ಕೂರುತ್ತಾರೆ. ಅವು ಪುಣ್ಯ ಮಾಡಿದ್ದವು.

ನಾನು ಮಾಳಪ್ಪನೊಡನೆ ಮಿಲ್ಲಿನ ಗೇಟಿಗೆ ಬಂದೆ. ನಾಲ್ಕು ಮಳೆಗಾಲ ಕಳೆದವು. ಬೀಡಿಯ ಕಿಡಿ ಬಿದ್ದು ಮೈ ತುಂಬ ತೂತಾಗಿದೆ, ಅಂಚು ಬಿಚ್ಚುತ್ತಿದೆ, ಹತ್ತಿಯ ಧೂಳು ನೆತ್ತಿಗೇರಿ ನಾನೀಗ ಅರ್ಧ ಬಿಳಿ. ದೇವರ ಲೆಕ್ಕ ನನಗೆ ತಿಳಿಯದು. ಸತ್ತ ಸುದ್ದಿ ಏಳು ಹಿಂಡಿನ ತನಕ ಮುಟ್ಟಿತು, ಬದುಕಿದ್ದ ಸುದ್ದಿ ಓಣಿಯನ್ನೂ ದಾಟಲಿಲ್ಲ. ಯಾಕೆ ಹೀಗೆ ಎಂದು ಬೀರದೇವರನ್ನು ಎಷ್ಟೋ ಸಲ ಕೇಳಿದ್ದೇನೆ.

ನಿನ್ನೆ ಬೆಳಿಗ್ಗೆ ಹತ್ತಿ ತಂದ ಲಾರಿಯ ಡ್ರೈವರ್ ಕೆಳಗಿಳಿದು ನನ್ನ ಒಂದು ತುದಿ ಹಿಡಿದು ಉಜ್ಜಿ ನೋಡಿದ.

"ಎಂಥಾ ನೇಯ್ಗಿರೀ ಯಜಮಾನ್ರ! ನಮ್ಮಪ್ಪಗ ಒಂದು ಬೇಕಾಗಿತ್ತು. ಎಲ್ಲಿ ಸಿಗ್ತಾವ?"

ಮಾಳಪ್ಪ ನನ್ನ ತುದಿಯನ್ನು ಅವನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡ.

"ಈಗ ಎಲ್ಲೂ ಸಿಗೂದಿಲ್ಲಪ್ಪ. ನೇಯವ್ರ ಇಲ್ಲಂತ. ಪೇಪರ್ನಾಗ ಬಂದಿತ್ತು."

"ಹೌದೇನ್ರಿ? ಪಾಪ" ಎಂದು ಡ್ರೈವರ್ ಲಾರಿ ಹತ್ತಿದ. ಮಾಳಪ್ಪ ಗೇಟು ತೆರೆದ. ಅವನ ಹೆಗಲ ಮೇಲೇ ಇದ್ದೆ ನಾನು, ನೇಯ್ದವನು ಇವನೇ ಎಂದು ಹೇಳಲು ಬಾಯಿಲ್ಲದೆ.